ಟೇ ನದಿಯ ಸಾಲ್ಮನ್: ಯಾವ ತಿಂಗಳು ಹೋಗುವುದು, ಯಾವ ನೀರನ್ನು ಆರಿಸುವುದು

ಸ್ಕಾಟ್ಲೆಂಡಿನ ಪರ್ತ್‌ಷೈರ್ ಸೀಮೆಯಲ್ಲಿ ಹರಿಯುವ ಟೇ ನದಿಯಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕಲು ಕಾನೂನು ಒಪ್ಪುವ ಹಂಗಾಮು ಜನವರಿ 15ರಂದು ತೆರೆದು ಅಕ್ಟೋಬರ್ 15ರಂದು ಮುಚ್ಚುತ್ತದೆ. ಒಂಬತ್ತು ತಿಂಗಳ ಈ ಅವಧಿಯಲ್ಲಿ ಒಂದು ವಾರವನ್ನಷ್ಟೇ ಆರಿಸಿಕೊಳ್ಳಬೇಕಾದವರಿಗೆ, ಅದರಲ್ಲೂ ಬ್ರಿಟನ್ನಿನಲ್ಲಿ ನೆಲೆಸಿರುವ ಅಥವಾ ಬೆಂಗಳೂರಿನಿಂದ ರಜೆ ಹಾಕಿ ಹೋಗುವ ಕನ್ನಡಿಗರಿಗೆ, ಮೊದಲು ಎದುರಾಗುವ ಪ್ರಶ್ನೆ ಯಾವ ವಾರ ಎಂಬುದೇ. ಫೆಬ್ರವರಿಯ ಟೇ, ಮೇ ತಿಂಗಳ ಟೇ ಮತ್ತು ಸೆಪ್ಟೆಂಬರಿನ ಟೇ ನಕ್ಷೆಯಲ್ಲಿ ಒಂದೇ ನದಿಯಾದರೂ ನೀರಿನ ಶಾಖ, ಸೆಳವು, ಬರುವ ಮೀನಿನ ವಯಸ್ಸು ಮತ್ತು ಗಾತ್ರ, ಬೇಕಾಗುವ ಸಲಕರಣೆ, ತೆರಬೇಕಾದ ಹಣ ಎಲ್ಲವೂ ಬೇರೆಬೇರೆ. ಆದುದರಿಂದ ಇಲ್ಲಿ ಟೇ ನದಿಯನ್ನೇ ನಡುವೆ ಇಟ್ಟುಕೊಂಡು, ಅಗತ್ಯವಿದ್ದ ಕಡೆ ನೆರೆಯ ಡೀ, ಸ್ಪೇ, ಟ್ವೀಡ್ ನದಿಗಳೊಂದಿಗೆ ಅದನ್ನು ಹೋಲಿಸಿದ್ದೇನೆ.

ನಮ್ಮ ಕರಾವಳಿಯ ಪೇಟೆಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂಬ ಹೆಸರಿನಲ್ಲಿ ಮಾರುವ ರಾವಸ್ ಮೀನಿಗೂ ಈ ಸಾಲ್ಮನ್‌ಗೂ ಕುಲಸಂಬಂಧವಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಸಿಹಿನೀರಿನ ಜಲ್ಲಿಹಾಸಿನಲ್ಲಿ ಹುಟ್ಟಿ, ಅಲ್ಲಿಯೇ ಎರಡು ಮೂರು ವರ್ಷ ಬೆಳೆದು, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳ್ಳಿಬಣ್ಣದ ಮರಿಯಾಗಿ ಕಡಲಿಗಿಳಿಯುತ್ತದೆ. ನಾರ್ವೆಯ ಕಡಲಿನಲ್ಲೋ ಗ್ರೀನ್‌ಲ್ಯಾಂಡಿನ ಪಶ್ಚಿಮಕ್ಕೋ ಹೋಗಿ ಮೇಯ್ದು, ತಾನು ಹುಟ್ಟಿದ ನದಿಗೇ ಮರಳುತ್ತದೆ. ಕಡಲಿನಲ್ಲಿ ಒಂದೇ ಚಳಿಗಾಲ ಕಳೆದು ಬರುವ ಮೀನಿಗೆ ಗ್ರಿಲ್ಸ್ ಎನ್ನುತ್ತಾರೆ. ಎರಡು ಅಥವಾ ಮೂರು ಚಳಿಗಾಲ ಕಳೆದು, ವರ್ಷದ ಆರಂಭದ ತಿಂಗಳುಗಳಲ್ಲಿ ಬರುವ ದೊಡ್ಡ ಮೀನು ಸ್ಪ್ರಿಂಗರ್. ಮೊಟ್ಟೆಯಿಟ್ಟು ಬಡಕಲಾಗಿ ಮತ್ತೆ ಕಡಲಿನತ್ತ ಇಳಿಯುತ್ತಿರುವ ಮೀನು ಕೆಲ್ಟ್. ಈ ಮೂರು ಹೆಸರುಗಳ ವ್ಯತ್ಯಾಸ ತಿಳಿದಿದ್ದರೆ ಹಂಗಾಮಿನ ಅರ್ಧ ಲೆಕ್ಕ ತಿಳಿದಂತೆ.

ಇನ್ನರ್ಧ ಲೆಕ್ಕ, ನದಿಗೆ ಬಂದ ಮೇಲೆ ಸಾಲ್ಮನ್ ಆಹಾರ ತಿನ್ನುವುದಿಲ್ಲ ಎಂಬುದು. ಹಿಂದೆ ಕಾವೇರಿಯ ಭೀಮೇಶ್ವರಿಯಲ್ಲಿ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ಬಿಳಿಮೀನಿಗಾಗಿ (ಮಹಶೀರ್) ಕಾದವರಿಗೆ ಇದು ಅರಗಿಸಿಕೊಳ್ಳಲು ಕಷ್ಟದ ಮಾತು. ಬಿಳಿಮೀನು ಹಸಿವಿನಿಂದ ಬಾಯಿ ಹಾಕುತ್ತದೆ. ಟೇ ನದಿಯ ಸಾಲ್ಮನ್ ಹಸಿವಿಲ್ಲದೆಯೂ, ಹಳೆಯ ಅಭ್ಯಾಸದಿಂದಲೋ ಕೆರಳಿಯೋ, ಕಣ್ಣೆದುರು ಹಾದುಹೋಗುವ ಬಣ್ಣದ ಫ್ಲೈಯನ್ನು (ಗರಿ, ನೂಲುಗಳನ್ನು ಗಾಳಕ್ಕೆ ಸುತ್ತಿ ಮಾಡಿದ ಕೃತಕ ಹುಳುವನ್ನು) ಒಮ್ಮೊಮ್ಮೆ ಕಚ್ಚುತ್ತದೆ. ಮಡುವಿನಲ್ಲಿ ಐವತ್ತು ಮೀನುಗಳಿದ್ದರೂ ದಿನವಿಡೀ ಒಂದೂ ಕಚ್ಚದಿರಬಹುದು. ಹೀಗಾಗಿ ಮೀನು ಹೆಚ್ಚಾಗಿರುವ ತಿಂಗಳೇ ಮೀನು ಕಚ್ಚುವ ತಿಂಗಳು ಎಂದು ತೀರ್ಮಾನಿಸಿದರೆ ನಿರಾಶೆ ಖಂಡಿತ. ಕಡಲಿನಿಂದ ಹೊಸದಾಗಿ ಬಂದ ಮೀನು, ಸರಿಯಾದ ಶಾಖದ ನೀರು, ಇಳಿಯುತ್ತಿರುವ ನೆರೆ, ಇವು ಮೂರೂ ಕೂಡಿಬರುವ ದಿನಗಳು ಯಾವ ತಿಂಗಳಲ್ಲಿ ಹೆಚ್ಚು ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಚಳಿ ಬಿಡದ ತಿಂಗಳುಗಳು: ಜನವರಿಯಿಂದ ಮಾರ್ಚ್

ಜನವರಿ 15ರಂದು, ಲಾಕ್ ಟೇ ಸರೋವರದಿಂದ ನದಿ ಹೊರಡುವ ಕೆನ್ಮೋರ್ ಊರಿನಲ್ಲಿ ಬ್ಯಾಗ್‌ಪೈಪ್ ಊದಿ, ದೋಣಿಯ ಮೇಲೆ ವಿಸ್ಕಿ ಎರೆದು ಹಂಗಾಮನ್ನು ತೆರೆಯುವ ವಾಡಿಕೆಯಿದೆ. ಆ ದಿನದ ಸಂಭ್ರಮ ಸೊಗಸಾದದ್ದು, ಆದರೆ ಮೀನು ಹಿಡಿಯುವ ದೃಷ್ಟಿಯಿಂದ ಅದು ವರ್ಷದ ಅತ್ಯಂತ ಕಠಿಣ ಕಾಲಗಳಲ್ಲೊಂದು. ಹಗಲು ಏಳೂವರೆ ಗಂಟೆಯಷ್ಟೇ ಇರುತ್ತದೆ, ಕೋಲಿನ ಬಳೆಗಳಲ್ಲಿ ಹಿಮ ಕಟ್ಟಿ ದಾರ ಓಡುವುದಿಲ್ಲ, ಮತ್ತು ಗಾಳಕ್ಕೆ ಬೀಳುವ ಮೀನುಗಳಲ್ಲಿ ಬಹುಪಾಲು ಕೆಲ್ಟ್‌ಗಳೇ ಆಗಿರುತ್ತವೆ. ಕೆಲ್ಟನ್ನು ಕಾನೂನಿನ ಪ್ರಕಾರ ನೀರಿಗೇ ಬಿಡಬೇಕು. ಹೊಸಬರು ಕೆಲ್ಟಿನ ಬೆಳ್ಳಿ ಹೊಳಪನ್ನು ನೋಡಿ ಸ್ಪ್ರಿಂಗರ್ ಎಂದುಕೊಳ್ಳುವುದು ಸಾಮಾನ್ಯ. ಕೆಲ್ಟಿನ ತಲೆ ದೇಹಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆ ಬತ್ತಿರುತ್ತದೆ, ಕಿವಿರುಗಳಲ್ಲಿ ಬಿಳಿಯ ಪರೋಪಜೀವಿಗಳಿರುತ್ತವೆ. ಕಡಲಿನಿಂದ ಆಗತಾನೆ ಬಂದ ಸ್ಪ್ರಿಂಗರ್‌ನ ಮೈ ತುಂಬಿಕೊಂಡಿರುತ್ತದೆ. ಅದರ ಮೇಲೆ ಕಡಲ ಹೇನು ಅಂಟಿದ್ದರೆ ಆ ಮೀನು ನದಿಗೆ ಬಂದು ಹೆಚ್ಚು ದಿನಗಳಾಗಿಲ್ಲ ಎಂದೇ ಅರ್ಥ, ಏಕೆಂದರೆ ಆ ಹೇನು ಸಿಹಿನೀರಿನಲ್ಲಿ ಬಹುಕಾಲ ಬದುಕದು.

ಈ ತಿಂಗಳುಗಳಲ್ಲಿ ಜಾಗದ ಆಯ್ಕೆಯೇ ಮುಖ್ಯ. ನೀರಿನ ಶಾಖ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಸಾಲ್ಮನ್ ಜಲಪಾತಗಳನ್ನು ಏರಲು ಹಿಂಜರಿಯುತ್ತದೆ. ಪರ್ತ್ ಊರಿನ ಮೇಲ್ಭಾಗದಲ್ಲಿ ಸ್ಟ್ಯಾನ್ಲಿ ಸಮೀಪ ಕ್ಯಾಂಪ್ಸಿ ಲಿನ್ ಎಂಬ ಬಂಡೆಗಳ ಇಳಿತವಿದೆ. ಚಳಿ ಹೆಚ್ಚಿದ್ದಷ್ಟು ದಿನ ಬಂದ ಮೀನುಗಳು ಅದರ ಕೆಳಗಿನ ಮಡುಗಳಲ್ಲೇ ತಂಗುತ್ತವೆ, ಚಳಿಗಾಲ ಸೌಮ್ಯವಾಗಿದ್ದರೆ ಅದನ್ನು ದಾಟಿ ಮೇಲಕ್ಕೆ ಹರಡಿಕೊಳ್ಳುತ್ತವೆ. ಆದ್ದರಿಂದ ಫೆಬ್ರವರಿಗೆ ಬೀಟ್ ಕಾಯ್ದಿರಿಸುವವರು (ನದಿಯ ದಂಡೆಯನ್ನು ಒಡೆತನದ ಪ್ರಕಾರ ಹಂಚಿರುವ ಒಂದೊಂದು ಪಾಲಿಗೆ ಬೀಟ್ ಎನ್ನುತ್ತಾರೆ) ಕೆಳನದಿಯನ್ನೇ ಆರಿಸಬೇಕು. ಮೀನು ಆಳದಲ್ಲಿ ಜಡವಾಗಿ ಮಲಗಿರುವುದರಿಂದ ಮುಳುಗುವ ದಾರ, ತೂಕದ ಫ್ಲೈ, ಹದಿನೈದು ಅಡಿಯ ಎರಡು ಕೈ ಕೋಲು ಬೇಕಾಗುತ್ತವೆ. ದೋಣಿಯನ್ನು ಸೆಳವಿಗೆ ಅಡ್ಡಲಾಗಿ ಅತ್ತಿತ್ತ ನಡೆಸುತ್ತ ಹಿಂಬದಿಯಲ್ಲಿ ಗಾಳಗಳನ್ನು ಇಳಿಬಿಡುವ ಹಾರ್ಲಿಂಗ್ ಎಂಬ ಪದ್ಧತಿ ಟೇ ನದಿಯ ಹಳೆಯ ರೂಢಿ. ಕೋಲು ಬೀಸುವ ಅಭ್ಯಾಸವಿಲ್ಲದವರಿಗೂ ಅದರಿಂದ ಅವಕಾಶ ಸಿಗುತ್ತದೆ.

ಬಾಡಿಗೆ ಕಡಿಮೆ, ಜನ ಕಡಿಮೆ, ಮೀನೂ ಕಡಿಮೆ. ವಾರವಿಡೀ ಒಂದು ಮೀನನ್ನೂ ಕಾಣದೆ ಮರಳುವ ಸಾಧ್ಯತೆಯನ್ನು ಮನಸಾರೆ ಒಪ್ಪಿಕೊಂಡವರಿಗೆ ಮಾತ್ರ ನಾನು ಈ ಕಾಲವನ್ನು ಸೂಚಿಸುತ್ತೇನೆ. ಡೀ ನದಿ ಫೆಬ್ರವರಿ 1ಕ್ಕೂ ಸ್ಪೇ ನದಿ ಫೆಬ್ರವರಿ 11ಕ್ಕೂ ತೆರೆಯುತ್ತವೆ, ಅಲ್ಲಿಯೂ ಪರಿಸ್ಥಿತಿ ಹೆಚ್ಚು ಕಡಿಮೆ ಇದೇ.

ವಸಂತ: ಏಪ್ರಿಲ್ ಮತ್ತು ಮೇ

ಏಪ್ರಿಲ್ ಮಧ್ಯದ ಹೊತ್ತಿಗೆ ನೀರಿನ ಶಾಖ ಏರತೊಡಗುತ್ತದೆ, 1,214 ಮೀಟರ್ ಎತ್ತರದ ಬೆನ್ ಲಾಯರ್ಸ್ ಮೊದಲಾದ ಬೆಟ್ಟಗಳ ಹಿಮ ಕರಗಿ ನದಿಗೆ ಸೇರುತ್ತದೆ, ಮತ್ತು ಸ್ಪ್ರಿಂಗರ್‌ಗಳು ಮೇಲ್ಮುಖವಾಗಿ ಹೊರಡುತ್ತವೆ. ಟಮಲ್ ಉಪನದಿಗೆ ಹೋಗುವ ಮೀನುಗಳು ಪಿಟ್ಲಾಖ್ರಿಯ ಅಣೆಕಟ್ಟನ್ನು ದಾಟಬೇಕು. ಅವಕ್ಕಾಗಿ ಅಲ್ಲಿ 34 ತೊಟ್ಟಿಗಳ, ಸುಮಾರು 310 ಮೀಟರ್ ಉದ್ದದ ಮೀನೇಣಿಯನ್ನು ಕಟ್ಟಿದ್ದಾರೆ. ಮೀನು ಇಡೀ ಜಲಾನಯನಕ್ಕೆ ಹರಡಿಕೊಳ್ಳುವ ಈ ಕಾಲದಲ್ಲಿ ಮೇಲ್ನದಿಯ ಬೀಟ್‌ಗಳಿಗೂ ಬೆಲೆ ಬರುತ್ತದೆ. ಎಂಟರಿಂದ ಹನ್ನೆರಡು ಪೌಂಡ್ ತೂಗುವ, ಕಡಲಿನ ಬಲವನ್ನೆಲ್ಲ ಮೈಯಲ್ಲಿಟ್ಟುಕೊಂಡು ಬಂದ ವಸಂತದ ಮೀನಿನ ಸೆಣಸಾಟಕ್ಕೆ ಬೇರೆ ಯಾವ ಋತುವಿನ ಮೀನೂ ಸಾಟಿಯಲ್ಲ. ಸಂಖ್ಯೆಯನ್ನು ಬದಿಗಿಟ್ಟು ಒಂದೇ ಒಂದು ನೆನಪಿನ ಮೀನನ್ನು ಬಯಸುವವರಿಗೆ ಏಪ್ರಿಲ್ ಕೊನೆಯ ವಾರದಿಂದ ಮೇ ಕೊನೆಯವರೆಗಿನ ಅವಧಿಯೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಇದೇ ಮೀನು ಎಲ್ಲಕ್ಕಿಂತ ಹೆಚ್ಚು ಕಾಪಾಡಬೇಕಾದ ಮೀನು ಕೂಡ. ನದಿಗೆ ಯಾವ ತಿಂಗಳಲ್ಲಿ ಮರಳಬೇಕೆಂಬುದು ಸಾಲ್ಮನ್‌ನಲ್ಲಿ ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವ ಗುಣ. ಬೇಗ ಬರುವ ಮೀನುಗಳು ಸಾಮಾನ್ಯವಾಗಿ ಎತ್ತರದ ಉಪನದಿಗಳಲ್ಲಿ ಮೊಟ್ಟೆಯಿಡುತ್ತವೆ, ತಡವಾಗಿ ಬರುವವು ಕೆಳಗಿನ ಮುಖ್ಯ ಹರಿವಿನಲ್ಲಿ. ವಸಂತದ ಮೀನು ಒಂದು ಕಣಿವೆಯಿಂದ ಅಳಿದರೆ ಶರತ್ಕಾಲದ ಮೀನು ಬಂದು ಆ ಜಾಗವನ್ನು ತುಂಬುವುದಿಲ್ಲ. ಅದಕ್ಕಾಗಿಯೇ ಏಪ್ರಿಲ್ 1ಕ್ಕೆ ಮುಂಚೆ ಹಿಡಿದ ಯಾವುದೇ ಕಾಡು ಸಾಲ್ಮನ್ ಅನ್ನು ಕೊಲ್ಲುವುದನ್ನು ಸ್ಕಾಟ್ಲೆಂಡಿನಾದ್ಯಂತ ನಿಷೇಧಿಸಲಾಗಿದೆ. ಆಮೇಲಿನ ದಿನಗಳಲ್ಲಿ ಯಾವ ನದಿಯಲ್ಲಿ ಏನು ಮಾಡಬಹುದೆಂಬುದು 2016ರಿಂದ ಜಾರಿಯಲ್ಲಿರುವ ವಾರ್ಷಿಕ ಸಂರಕ್ಷಣಾ ಶ್ರೇಣಿಯ ಮೇಲೆ ನಿಂತಿದೆ. ಮೂರನೆಯ ಶ್ರೇಣಿಗೆ ಸೇರಿದ ನದಿಯಲ್ಲಿ ಹಿಡಿದ ಪ್ರತಿಯೊಂದನ್ನೂ ಬಿಡಲೇಬೇಕು. ಶ್ರೇಣಿ ವರ್ಷವರ್ಷ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ಆ ವರ್ಷದ ಪಟ್ಟಿಯನ್ನು ನೋಡುವುದು ಕಡ್ಡಾಯ. ಕಾನೂನು ಏನೇ ಹೇಳಲಿ, ಮೇ ಕೊನೆಯವರೆಗೆ ಬಂದ ಮೀನನ್ನು ಯಾರೂ ಕೊಲ್ಲಬಾರದು ಎಂದೇ ನಾನು ಹೇಳುತ್ತೇನೆ.

ವಸಂತಕ್ಕಾಗಿ ಟೇ ಮತ್ತು ಡೀ ನದಿಗಳ ನಡುವೆ ಆರಿಸಬೇಕಾದವರಿಗೆ ವ್ಯತ್ಯಾಸ ಸ್ಪಷ್ಟವಾಗಿದೆ. ಟೇ ಬ್ರಿಟನ್ನಿನಲ್ಲೇ ಅತಿ ಹೆಚ್ಚು ನೀರು ಹೊತ್ತು ಹರಿಯುವ ನದಿ. ಅದರ ಕೆಳಭಾಗದಲ್ಲಿ ದೋಣಿಯಿಲ್ಲದೆ ಎಷ್ಟೋ ಮಡುಗಳನ್ನು ತಲುಪಲಾಗುವುದಿಲ್ಲ. ಡೀ ನದಿ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ 1,200 ಮೀಟರಿಗೂ ಎತ್ತರದಲ್ಲಿ ಹುಟ್ಟಿ, ತಿಳಿಯಾಗಿ, ನಡೆದು ದಾಟಬಹುದಾದ ಆಳದಲ್ಲಿ ಆಬರ್ಡೀನ್‌ವರೆಗೆ ಹರಿಯುತ್ತದೆ. ಅಲ್ಲಿ ಫ್ಲೈ ಮಾತ್ರ ಬಳಸುತ್ತಾರೆ, ಮತ್ತು 1990ರ ದಶಕದಿಂದಲೇ ಹಿಡಿದ ಮೀನನ್ನು ಬಿಡುವ ಪದ್ಧತಿಯನ್ನು ಅಲ್ಲಿಯವರು ರೂಢಿಸಿಕೊಂಡಿದ್ದಾರೆ. ತೇಲುವ ದಾರದಲ್ಲಿ ಚಿಕ್ಕ ಫ್ಲೈಯನ್ನು ನೀರಿನ ಮೇಲ್ಪದರದಲ್ಲೇ ನಡೆಸುವ ವಿಧಾನವನ್ನು ಕಳೆದ ಶತಮಾನದ ಆರಂಭದಲ್ಲಿ ಎ. ಎಚ್. ಇ. ವುಡ್ ಎಂಬವರು ರೂಪಿಸಿದ್ದು ಇದೇ ನದಿಯ ಕೇರ್ನ್‌ಟನ್ ಬೀಟಿನಲ್ಲಿ. ನೀರಿನಲ್ಲಿ ಸ್ವತಃ ನಿಂತು ಕೋಲು ಬೀಸುವ ಸುಖವನ್ನು ಬಯಸುವವರು ಮೇ ತಿಂಗಳಲ್ಲಿ ಡೀ ನದಿಗೆ ಹೋಗುವುದು ಒಳ್ಳೆಯದು. ದೊಡ್ಡ ನೀರು, ದೋಣಿ, ಅನುಭವಿ ಗಿಲಿಯ ಜೊತೆ, ಇವನ್ನು ಬಯಸುವವರು ಟೇ ನದಿಗೆ. ಗಿಲಿ ಎಂದರೆ ಬೀಟನ್ನು ನೋಡಿಕೊಳ್ಳುವ, ಗಾಳ ಹಾಕುವವರಿಗೆ ದಾರಿ ತೋರುವ ಆಳು. ಯಾವ ಬಂಡೆಯ ಹಿಂದೆ ಯಾವ ನೀರಿನ ಮಟ್ಟದಲ್ಲಿ ಮೀನು ನಿಲ್ಲುತ್ತದೆ ಎಂಬುದು ಅವರಿಗೆ ಅಂಗೈ ರೇಖೆಯಷ್ಟು ಪರಿಚಿತವಾಗಿರುತ್ತದೆ, ಆದ್ದರಿಂದ ಮೊದಲ ಸಲ ಹೋಗುವವರು ಗಿಲಿ ಇರುವ ಬೀಟಿಗೇ ಹಣ ಕೊಡಬೇಕು.

ಬೇಸಿಗೆ: ಜೂನ್‌ನಿಂದ ಆಗಸ್ಟ್

ಪ್ರವಾಸಕ್ಕೆ ಅನುಕೂಲವೆಂದು ಬಹಳ ಜನ ಆರಿಸುವ ಕಾಲ ಇದು. ಜೂನ್ ಮೂರನೆಯ ವಾರದಲ್ಲಿ ಹದಿನೇಳು ಗಂಟೆಗೂ ಮೀರಿದ ಹಗಲಿರುತ್ತದೆ, ಮಕ್ಕಳಿಗೆ ಶಾಲೆಯ ರಜೆಯೂ ಇದೇ ಹೊತ್ತಿಗೆ ಬರುತ್ತದೆ. ಜೂನ್ ಕೊನೆಯಿಂದ ಗ್ರಿಲ್ಸ್ ಬರತೊಡಗುತ್ತವೆ. ನಾಲ್ಕರಿಂದ ಏಳು ಪೌಂಡ್ ತೂಗುವ ಈ ಚುರುಕಾದ ಮೀನುಗಳು ಹೊಸಬರಿಗೆ ಒಳ್ಳೆಯ ಗುರುಗಳು. ಹಗುರವಾದ ಕೋಲು, ತೇಲುವ ದಾರ, ಬೆರಳುಗುರಿನಷ್ಟು ಚಿಕ್ಕ ಫ್ಲೈ ಸಾಕು.

ಬೇಸಿಗೆಯ ಶತ್ರು ನೀರಿನ ಕೊರತೆ ಮತ್ತು ಸೆಕೆ. ಮಳೆಯಿಲ್ಲದ ವಾರಗಳಲ್ಲಿ ನದಿ ಸೊರಗುತ್ತದೆ, ಮೀನುಗಳು ಅಳಿವೆಯಲ್ಲೇ ಕಾಯುತ್ತವೆ, ನದಿಯೊಳಗಿರುವವು ಆಮ್ಲಜನಕ ಹೆಚ್ಚಿರುವ ಬಿರುಸಿನ ಹೊನಲುಗಳಿಗೆ ಸರಿಯುತ್ತವೆ. ನೀರಿನ ಶಾಖ 20 ಡಿಗ್ರಿ ತಲುಪಿದರೆ ಗಾಳವನ್ನು ಎತ್ತಿಡಬೇಕು. ಆ ಶಾಖದಲ್ಲಿ ಸೆಣಸಿ ದಣಿದ ಮೀನನ್ನು ಎಷ್ಟೇ ಜತನದಿಂದ ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ. 2018ರಂತಹ ಬಿಸಿ ಬೇಸಿಗೆಗಳ ನಂತರ ಈ ವಿಷಯದಲ್ಲಿ ಎಚ್ಚರ ಹೆಚ್ಚಿದೆ, ಮತ್ತು ಡೀ ನದಿಯ ಮೇಲ್ಭಾಗದಲ್ಲಿ ದಂಡೆಯುದ್ದಕ್ಕೂ ನೆರಳಿಗಾಗಿ ಗಿಡ ನೆಡುವ ದೊಡ್ಡ ಕೆಲಸ ನಡೆಯುತ್ತಿದೆ. ಇದರ ಇನ್ನೊಂದು ಮುಖವೆಂದರೆ ಮಳೆ ಬಂದಾಗಿನ ಅದೃಷ್ಟ. ಒಂದು ರಾತ್ರಿಯ ಜೋರು ಮಳೆಗೆ ನದಿ ಏರಿ ಕಂದುಬಣ್ಣಕ್ಕೆ ತಿರುಗಿದಾಗ ಗಾಳ ಹಾಕಿ ಪ್ರಯೋಜನವಿಲ್ಲ. ಮರುದಿನ ಬಗ್ಗಡ ತಿಳಿಯಾಗುತ್ತ ಮಟ್ಟ ಇಳಿಯತೊಡಗುವ ಆ ಕೆಲವು ಗಂಟೆಗಳಲ್ಲಿ ಹೊಸ ಮೀನುಗಳು ಮೇಲಕ್ಕೆ ಸಾಗುತ್ತವೆ, ಆಗ ನದಿಯ ಬಳಿ ಇದ್ದವರು ಪುಣ್ಯವಂತರು. ಹಾಗಾಗಿ ಹತ್ತಿರದಲ್ಲೇ ವಾಸಿಸಿ, ಬೆಳಗ್ಗೆ ನೀರಿನ ಮಟ್ಟ ನೋಡಿ ಒಂದು ದಿನದ ಟಿಕೆಟ್ ಕೊಳ್ಳಬಲ್ಲ ಗ್ಲಾಸ್ಗೋ, ಎಡಿನ್‌ಬರಾ ನಿವಾಸಿಗಳಿಗೆ ಬೇಸಿಗೆ ಒಳ್ಳೆಯ ಆಯ್ಕೆ. ಆರು ತಿಂಗಳ ಮೊದಲೇ ವಿಮಾನದ ಟಿಕೆಟ್ ಕಾಯ್ದಿರಿಸಬೇಕಾದವರಿಗೆ ಅಲ್ಲ.

ಬೇಸಿಗೆಯಲ್ಲೇ ಹೋಗಬೇಕಾದ ಅನಿವಾರ್ಯವಿದ್ದರೆ ಸ್ಪೇ ನದಿಯನ್ನು ನೋಡಿ. ಬಿರುಸಾದ ಸೆಳವಿನಿಂದಾಗಿ ಅಲ್ಲಿನ ನೀರಿಗೆ ಉಸಿರಿರುತ್ತದೆ, ಮತ್ತು ಜೂನ್ ತಿಂಗಳ ಮಬ್ಬು ರಾತ್ರಿಗಳಲ್ಲಿ ಸೀ ಟ್ರೌಟ್ ಮೀನಿಗೆ ಗಾಳ ಹಾಕುವ ಅವಕಾಶವೂ ಉಂಟು. ದಂಡೆಯ ಮರಗಳ ಕಾರಣ ದಾರವನ್ನು ಹಿಂದಕ್ಕೆ ಬೀಸಲಾಗದ ಕಡೆ, ನೀರಿನ ಮೇಲೇ ಸುರುಳಿ ಮಾಡಿ ಮುಂದಕ್ಕೆಸೆಯುವ ಸ್ಪೇ ಕಾಸ್ಟಿಂಗ್ ಎಂಬ ಕಲೆಗೆ ಹೆಸರು ಬಂದದ್ದೂ ಈ ನದಿಯಿಂದಲೇ.

2017, 2019, 2021, 2023 ಹೀಗೆ ಬೆಸ ವರ್ಷಗಳ ಬೇಸಿಗೆಯಲ್ಲಿ ಬೆನ್ನು ಉಬ್ಬಿದ ಪಿಂಕ್ ಸಾಲ್ಮನ್ ಕೂಡ ಸ್ಕಾಟ್ಲೆಂಡಿನ ನದಿಗಳಲ್ಲಿ ಕಾಣಿಸಿಕೊಂಡಿದೆ. ರಷ್ಯಾದ ವಾಯವ್ಯದ ನದಿಗಳಿಗೆ ತಂದು ಬಿಟ್ಟ ಪೆಸಿಫಿಕ್ ಸಾಗರದ ಈ ಮೀನು ಇಲ್ಲಿಗೆ ಹೊರಗಿನದು. ಬಾಲದ ಮೇಲಿನ ದೊಡ್ಡ ಕಪ್ಪು ಚುಕ್ಕೆಗಳಿಂದ ಅದನ್ನು ಗುರುತಿಸಬಹುದು. ಸಿಕ್ಕರೆ ಗಿಲಿಗೆ ತಿಳಿಸಬೇಕು.

ಶರತ್ಕಾಲ: ಸೆಪ್ಟೆಂಬರ್‌ನಿಂದ ಮುಚ್ಚುವವರೆಗೆ

ಅಂಕಿಗಳನ್ನು ಮಾತ್ರ ನೋಡುವವರಿಗೆ ಟೇ ನದಿಯ ಸೆಪ್ಟೆಂಬರ್ ಎದ್ದು ಕಾಣುತ್ತದೆ. ಬೇಸಿಗೆಯುದ್ದಕ್ಕೂ ಬಂದು ಸೇರಿದ ಮೀನುಗಳ ಜೊತೆಗೆ ಕಡಲಿನಿಂದ ಹೊಸ ಮೀನುಗಳೂ ಬರುತ್ತವೆ, ನೀರು ತಂಪಾಗುತ್ತದೆ, ಮಳೆ ಹೆಚ್ಚುತ್ತದೆ, ಗಾತ್ರವೂ ದೊಡ್ಡದು. ಬ್ರಿಟನ್ನಿನಲ್ಲಿ ಗಾಳದಿಂದ ಹಿಡಿದ ಅತಿ ದೊಡ್ಡ ಸಾಲ್ಮನ್‌ನ ದಾಖಲೆ ಇಂದಿಗೂ ಇದೇ ನದಿಯ ಇದೇ ಋತುವಿನದು. 1922ರ ಅಕ್ಟೋಬರ್ 7ರ ಸಂಜೆ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ, ತಂದೆಯ ಜೊತೆ ದೋಣಿಯಲ್ಲಿ ಕುಳಿತು ಕ್ಯಾಪತ್ ಸಮೀಪದ ಗ್ಲೆನ್‌ಡೆಲ್ವಿನ್ ಬೀಟಿನಲ್ಲಿ ಹಾರ್ಲಿಂಗ್ ಮಾಡುತ್ತಿದ್ದಾಗ ಸಿಕ್ಕ ಆ ಮೀನು 64 ಪೌಂಡ್, ಅಂದರೆ 29 ಕಿಲೋ ತೂಗಿತು. ಎರಡು ಗಂಟೆಗೂ ಹೆಚ್ಚು ಕಾಲ ಸೆಣಸಿ, ಕತ್ತಲಾದ ಮೇಲೆ ಅದನ್ನು ದೋಣಿಗೆಳೆದರು.

ಆದರೂ ಸೆಪ್ಟೆಂಬರ್ ಎಂದೊಡನೆ ಕಣ್ಣುಮುಚ್ಚಿ ಹಣ ಕಟ್ಟುವುದನ್ನು ನಾನು ಒಪ್ಪಲಾರೆ. ಒಂದು ಕಾರಣ, ಈ ಕಾಲದಲ್ಲಿ ಹಿಡಿಯುವ ಎಷ್ಟೋ ಮೀನುಗಳು ತಿಂಗಳುಗಟ್ಟಲೆ ನದಿಯಲ್ಲಿದ್ದು ತಾಮ್ರದ ಬಣ್ಣಕ್ಕೆ ತಿರುಗಿರುತ್ತವೆ. ಹೆಣ್ಣುಮೀನುಗಳ ಹೊಟ್ಟೆ ಮೊಟ್ಟೆಯಿಂದ ತುಂಬಿರುತ್ತದೆ. ಇನ್ನೊಂದು ಆರು ವಾರಗಳಲ್ಲಿ ಜಲ್ಲಿ ಕೆದಕಿ ಮೊಟ್ಟೆಯಿಡಬೇಕಾದ ಮೀನನ್ನು ಬಲೆಯಿಂದ ಮೇಲೆತ್ತದೆ, ನೀರಿನಲ್ಲೇ ಗಾಳ ಬಿಡಿಸಿ, ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು, ಅದು ತಾನಾಗಿಯೇ ಹೊರಡುವವರೆಗೆ ಕಾಯುವ ತಾಳ್ಮೆ ಬೇಕು. ಇನ್ನೊಂದು ಕಾರಣ ಬೆಲೆ: ಹೆಸರಾಂತ ಬೀಟ್‌ಗಳಲ್ಲಿ ಶರತ್ಕಾಲದ ಒಂದು ದಿನದ ಬಾಡಿಗೆ ನೂರಾರು ಪೌಂಡ್‌ಗಳಾಗುತ್ತದೆ, ಒಳ್ಳೆಯ ವಾರಗಳನ್ನು ವರ್ಷವರ್ಷವೂ ಬರುವ ಹಳೆಯ ತಂಡಗಳು ಹಿಡಿದುಕೊಂಡಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಅಂಕಿಗಳು ಇಂದಿನ ನದಿಯನ್ನು ಹೇಳುವುದಿಲ್ಲ ಎಂಬ ಸಂಗತಿ. ನವೆಂಬರ್ 30ರವರೆಗೆ ತೆರೆದಿರುವ ಟ್ವೀಡ್ ನದಿ ಇದಕ್ಕೆ ಉದಾಹರಣೆ. ಶರತ್ಕಾಲದ ಮೀನಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಆ ನದಿಯಲ್ಲಿ 2010ರಲ್ಲಿ 23,000ಕ್ಕೂ ಹೆಚ್ಚು ಸಾಲ್ಮನ್ ಗಾಳಕ್ಕೆ ಸಿಕ್ಕಿದ್ದವು. 2014ರಿಂದ ಆ ಶರತ್ಕಾಲದ ಬರವು ಕುಸಿದು, ವರ್ಷದ ಮೊತ್ತ ಅದರ ಅರ್ಧಕ್ಕೂ ಕೆಳಗಿಳಿಯಿತು. ಇಡೀ ಸ್ಕಾಟ್ಲೆಂಡಿನ 2023ರ ಮೊತ್ತವಂತೂ 1952ರಲ್ಲಿ ದಾಖಲೆ ಆರಂಭವಾದಂದಿನಿಂದ ಅತ್ಯಂತ ಕಡಿಮೆ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ ಅನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಕಡಲು ಬಿಸಿಯಾಗಿ, ಅಲ್ಲಿ ಬದುಕುಳಿದು ಮರಳುವ ಮರಿಗಳ ಪ್ರಮಾಣ ಇಳಿದಿರುವುದು ಇದರ ಹಿಂದಿನ ದೊಡ್ಡ ಕಾರಣಗಳಲ್ಲೊಂದು.

ಬೀಟಿನವರು ತೋರಿಸುವ ಅಂಕಿಯನ್ನು ಓದುವ ಬಗೆ

ಜಾಹೀರಾತಿನಲ್ಲಿ ಹತ್ತು ವರ್ಷದ ಸರಾಸರಿ ಕೊಟ್ಟಿದ್ದರೆ ಐದು ವರ್ಷದ್ದನ್ನು ಕೇಳಿ, ಮತ್ತು ವರ್ಷದ ಮೊತ್ತವಲ್ಲದೆ ನೀವು ಹೋಗಬೇಕೆಂದಿರುವ ವಾರದ ಅಂಕಿಯನ್ನೇ ಕೇಳಿ. ಎಷ್ಟು ಕೋಲುಗಳು ಎಷ್ಟು ದಿನ ನೀರಿನಲ್ಲಿದ್ದವು ಎಂಬುದು ಗೊತ್ತಿಲ್ಲದೆ ಮೀನಿನ ಸಂಖ್ಯೆಗೆ ಅರ್ಥವಿಲ್ಲ: ವಾರಕ್ಕೆ ಹನ್ನೆರಡು ಮೀನು ಎಂದರೆ ಎರಡು ಕೋಲಿಗೆ ಅದ್ಭುತ, ಎಂಟು ಕೋಲಿಗೆ ಸಾಧಾರಣ. ಸೆಪ್ಟೆಂಬರಿನ ಅಂಕಿ ದೊಡ್ಡದಾಗಿ ಕಾಣಲು ಆಗ ಗಾಳ ಹಾಕುವವರ ಸಂಖ್ಯೆ ಹೆಚ್ಚಿರುವುದೂ ಒಂದು ಕಾರಣ, ಫೆಬ್ರವರಿಯ ಅಂಕಿ ಚಿಕ್ಕದಾಗಿ ಕಾಣಲು ದಂಡೆಗಳು ಖಾಲಿಯಿರುವುದೂ ಒಂದು ಕಾರಣ.

ಇನ್ನು ನಿಯಮಗಳು. ಸ್ಕಾಟ್ಲೆಂಡಿನಲ್ಲಿ ಗಾಳ ಹಾಕಲು ಸರಕಾರದ ಪರವಾನಗಿ ಬೇಕಿಲ್ಲ, ಆದರೆ ಸಾಲ್ಮನ್ ಹಿಡಿಯುವ ಹಕ್ಕು ಪ್ರತ್ಯೇಕ ಆಸ್ತಿಯಾಗಿರುವುದರಿಂದ ಆ ಹಕ್ಕಿನ ಒಡೆಯರ ಅನುಮತಿ ಬೇಕೇ ಬೇಕು. ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ, ಆದ್ದರಿಂದ ವಾರವೆಂದರೆ ಸೋಮವಾರದಿಂದ ಶನಿವಾರದ ಆರು ದಿನಗಳು. ಗಾಳದಿಂದ ಹಿಡಿದ ಸಾಲ್ಮನ್ ಅನ್ನು ಮಾರುವುದು ಅಪರಾಧ.

ಎರಡು ಆಯ್ಕೆಗಳ ನಡುವೆ ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ ನನ್ನ ಸಲಹೆ ಇದು: ಮೊದಲ ಸಲ ಹೋಗುವವರು, ಮೀನು ಸಿಗದಿದ್ದರೂ ಕಲಿತು ಬರಬೇಕೆನ್ನುವವರು, ಮೇ ತಿಂಗಳ ಎರಡನೆಯ ಅಥವಾ ಮೂರನೆಯ ವಾರವನ್ನು ತೆಗೆದುಕೊಳ್ಳಲಿ. ದೊಡ್ಡ ಮೀನಿನ ಆಸೆಯಿಂದ ಸೆಪ್ಟೆಂಬರನ್ನೇ ಆರಿಸುವವರು ತಿಂಗಳ ಕೊನೆಯ ಹತ್ತು ದಿನಗಳನ್ನು, ಅದೂ ಕೆಳನದಿಯಲ್ಲಿ, ತೆಗೆದುಕೊಳ್ಳಲಿ. ಎರಡೂ ಸಂದರ್ಭಗಳಲ್ಲಿ ಐಲಾ ಎಂಬ ಉಪನದಿಯನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಬೇಕು. ಸ್ಟ್ರಾತ್‌ಮೋರ್ ಬಯಲಿನ ಉಳುಮೆಯ ಹೊಲಗಳ ಮಣ್ಣನ್ನು ಹೊತ್ತು ತರುವ ಐಲಾ, ಮಿಕಲೌರ್ ಬಳಿ ಟೇ ನದಿಯನ್ನು ಸೇರುತ್ತದೆ. ಜೋರು ಮಳೆಯಾದಾಗ ಆ ಸಂಗಮದಿಂದ ಕೆಳಗಿನ ನೀರೆಲ್ಲ ಕದಡಿಹೋಗುತ್ತದೆ, ಮೇಲಿನ ನೀರು ಅದಕ್ಕಿಂತ ಬೇಗ ತಿಳಿಯಾಗುತ್ತದೆ. ಕೆಳಗಿನ ಬೀಟನ್ನು ಹಿಡಿದವರು ಮೇಲ್ಭಾಗದಲ್ಲಿ ದಿನದ ಟಿಕೆಟ್ ಕೊಡುವ ಬೀಟ್ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು, ಮತ್ತು ಹೊರಡುವ ವಾರದಲ್ಲಿ ಸ್ಕಾಟ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆಯಾದ ಸೆಪಾ ಪ್ರಕಟಿಸುವ ಕ್ಯಾಪತ್ ಮತ್ತು ಬ್ಯಾಲಥೀ ಮಾಪಕಗಳ ನೀರಿನ ಮಟ್ಟವನ್ನು ದಿನಕ್ಕೆರಡು ಸಲ ನೋಡುತ್ತಿರಬೇಕು. ಸಂಗಮದಿಂದ ಮೇಲಿರುವ ಕ್ಯಾಪತ್‌ನಲ್ಲಿ ಮಟ್ಟ ಇಳಿಯುತ್ತಿದ್ದು ಕೆಳಗಿನ ಬ್ಯಾಲಥೀಯಲ್ಲಿ ಇನ್ನೂ ಏರುತ್ತಿದ್ದರೆ, ಅಂದಿನ ದಿನವನ್ನು ಸಂಗಮದ ಮೇಲ್ಭಾಗದಲ್ಲಿ ಕಳೆಯುವುದು ಲೇಸು.